ಸೋಡಾ ಹಾಕದ ರೊಟ್ಟಿ ಹೆಂಗ ಉಬ್ಬತೈತಿ?

ವಿಜಯಪುರ ಸೀಮೆಯ ಎಷ್ಟೋ ಮಕ್ಕಳಿಗೆ ಕೇಕ್ ಎಂದರೆ ಬೇಕರಿಯಿಂದ ಬರುವ ಹುಟ್ಟುಹಬ್ಬದ ಸಾಮಾನು. ಬೇಸಿಗೆ ಸೂಟಿಯಲ್ಲಿ ನೆಂಟರ ಅಡುಗೆಮನೆಗಳಲ್ಲಿ ಮಕ್ಕಳನ್ನು ಕೂಡಿಸಿಕೊಂಡು, ಕುಕ್ಕರಿನಲ್ಲೇ ಕೇಕ್ ಮಾಡಿಸುತ್ತ ಒಂದಿಷ್ಟು ರಸಾಯನಶಾಸ್ತ್ರ ಹೇಳುವುದು ನನ್ನ ರೂಢಿ. ಸೋಡಾಕ್ಕೆ ಮೊಸರಿನ ಹುಳಿ ತಾಗಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ಹಿಟ್ಟು ಉಬ್ಬುತ್ತದೆ ಎನ್ನುವಷ್ಟರಲ್ಲಿ ಬಬಲೇಶ್ವರದ ಹುಡುಗಿಯೊಬ್ಬಳು ತಡೆದಳು: “ಅಕ್ಕಾ, ನಮ್ಮ ಆಯಿ ರೊಟ್ಟಿಗೆ ಸೋಡಾ ಹಾಕಂಗಿಲ್ಲ. ಅದು ಹೆಂಗ ಉಬ್ಬತೈತಿ?”

ಅಂದಿನಿಂದ ಪಾಠ ಶುರುವಾಗುವುದು ಹಂಚಿನ ಮುಂದೆ.

ಜೋಳದ ರೊಟ್ಟಿ ಉಬ್ಬಿಸುವುದು ಬರೀ ಹಬೆ. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಬೆಂದ ಎರಡು ಪದರಗಳ ನಡುವೆ ಸಿಕ್ಕಿಬಿದ್ದ ಆವಿ ಮೇಲಿನದನ್ನು ಎತ್ತುತ್ತದೆ. ಎಲ್ಲಾದರೂ ಒಂದು ಸಣ್ಣ ತೂತು ಬಿದ್ದರೂ ಸೊಯ್ಯೆಂದು ಇಳಿದುಬಿಡುತ್ತದೆ. ಹಾಗಾದರೆ ಹಿಟ್ಟಿಗೆ ಕುದಿಯುವ ಎಸರು ಏಕೆ? ಗೋಧಿಯಲ್ಲಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಜೋಳದಲ್ಲಿ ಇಲ್ಲ. ಸುಮಾರು 70 ಡಿಗ್ರಿ ದಾಟಿದ ನೀರಿನಲ್ಲಿ ಅದರ ಪಿಷ್ಟ ನೀರು ಕುಡಿದು ಅಂಟಾಗುತ್ತದೆ, ಆ ಜಿಗಿಯೇ ರೊಟ್ಟಿಯನ್ನು ಹಿಡಿದಿಡುತ್ತದೆ.

ಬಾಯಲ್ಲಿ ಹೇಳಿದರೆ ಮಕ್ಕಳು ನಂಬುವುದಿಲ್ಲ. ಗೋಧಿಹಿಟ್ಟಿನ ಕಣಕದುಂಡೆ ಒಂದು, ಜೋಳದ ಉಂಡೆ ಒಂದು, ಎರಡನ್ನೂ ತಣ್ಣೀರಲ್ಲಿ ಹಿಚುಕುತ್ತ ತೊಳೆಯಲು ಕೊಡಬೇಕು. ಜೋಳ ಪೂರ್ತಿ ಹಾಲಿನಂತೆ ಕರಗಿ ಹೋಗುತ್ತದೆ. ಗೋಧಿಯಲ್ಲಿ ನೀರು ತಿಳಿಯಾಗುವ ಹೊತ್ತಿಗೆ ಎಳೆದರೆ ರಬ್ಬರಿನಂತೆ ಹಿಗ್ಗುವ ಬೂದು ಮುದ್ದೆ ಕೈಯಲ್ಲಿ ಉಳಿಯುತ್ತದೆ. ಇಟಲಿಯ ಬೊಲೊನ್ಯಾದ ವಿಜ್ಞಾನಿ ಬೆಕ್ಕಾರಿ ಗ್ಲುಟೆನ್ ಬೇರ್ಪಡಿಸಿದ್ದು ಹೀಗೆ ತೊಳೆದೇ. ಆ ವಿವರ 1745ರಲ್ಲಿ ಅಚ್ಚಾಯಿತು.

ಅಂದಹಾಗೆ, ಕುಕ್ಕರಿನ ರಬ್ಬರು, ಸೀಟಿ ಎರಡನ್ನೂ ತೆಗೆದಿಡುವುದು ದೊಡ್ಡವರ ಕೆಲಸ. ಒಳಗೆ ನೀರಿಲ್ಲ, ಬೇಯಿಸುವುದು ಒಣ ಬಿಸಿ.

ವಿಜಯಪುರದ ಮನೆಯೊಂದರಲ್ಲಿ ಒಬ್ಬಳು ಬಣ್ಣ ಬರಲೆಂದು ಕೇಕಿಗೆ ಅರಿಶಿನ ಹಾಕಿದಳು. ಕೊಯ್ದಾಗ ಹಳದಿಯ ನಡುವೆ ಅಲ್ಲಲ್ಲಿ ಕೆಂಪು ಚುಕ್ಕೆ! ಸೋಡಾ ಗಂಟಾಗಿ ಉಳಿದ ಕಡೆಯೆಲ್ಲ ಅರಿಶಿನ ಕ್ಷಾರಕ್ಕೆ ಸಿಕ್ಕು ಕೆಂಪಾಗಿತ್ತು. ಚುಕ್ಕೆಯ ಮೇಲೆ ಲಿಂಬೆಹುಳಿ ಹಿಂಡಿದರೆ ಮತ್ತೆ ಹಳದಿ. ಸಾಣಿಗೆ ಹಿಡಿಯಿರಿ ಎಂದು ಅದಾದ ಮೇಲೆ ಯಾರಿಗೂ ಹೇಳಬೇಕಾಗಲಿಲ್ಲ.

ತಿಕೋಟಾ ಕಡೆ ಮಕ್ಕಳೇ ಮಾಸ್ತರರು. ಅದು ದ್ರಾಕ್ಷಿಯ ನಾಡು. ಮಣೂಕ (ಒಣದ್ರಾಕ್ಷಿ) ಮಾಡುವಾಗ ಗೊನೆಗಳನ್ನು “ಪೌಡರ್ ನೀರಾಗ” ಅದ್ದುವುದನ್ನು ಅವರು ಶೆಡ್ಡಿನಲ್ಲಿ ನೋಡಿರುತ್ತಾರೆ. ಲೀಟರ್ ನೀರಿಗೆ ಸುಮಾರು 25 ಗ್ರಾಂ ಪೊಟ್ಯಾಷಿಯಂ ಕಾರ್ಬೊನೇಟ್, 15 ಮಿಲಿ ಅದ್ದುವ ಎಣ್ಣೆ: ಇವು ಸಿಪ್ಪೆಯ ಮೇಣದ ಪದರ ಸಡಿಲಿಸಿ ನೀರು ಬೇಗ ಹೊರಬರುವಂತೆ ಮಾಡುತ್ತವೆ. ಅಡುಗೆ ಸೋಡಾ ಕಾದಾಗ ಉಳಿಯುವ ಸೋಡಿಯಂ ಕಾರ್ಬೊನೇಟ್ ಇದರ ದಾಯಾದಿ ಎಂದಾಗ ಒಬ್ಬ ಹುಡುಗನಿಗೆ ಎಲ್ಲಿಲ್ಲದ ಹೆಮ್ಮೆ. ಅವನ ಮನೆಯ ಮಣೂಕವೇ ಕೇಕಿಗೂ ಬಿತ್ತು.

ಬರೀ ಜೋಳದ ಕೇಕ್ ಮಾತ್ರ ಮುಟ್ಟಿದರೆ ಪುಡಿಪುಡಿ. ಬಬಲೇಶ್ವರದ ಆ ಹುಡುಗಿಯೇ ದಾರಿ ತೋರಿಸಿದಳು: “ಇದಕ್ಕೂ ಎಸರು ಹಾಕೂಣು.” ಅರ್ಧ ಹಿಟ್ಟಿಗೆ ಕುದಿಯುವ ನೀರು ಸುರಿದು, ಆರಲು ಬಿಟ್ಟು, ಆಮೇಲೆ ಮೊಸರು, ಬೆಲ್ಲ, ಎಣ್ಣೆ, ಉಳಿದ ಹಿಟ್ಟು, ಕೊನೆಗೆ ಸೋಡಾ. ಮೈದಾ ಕೇಕಿನಷ್ಟು ಹಗುರಾಗಲಿಲ್ಲ. ಆದರೆ ಚಾಕು ಹಾಕಿದರೆ ತುಂಡಾಗಿ ಬಂತು. ಅವಳ ಆಯಿ ಹಾಲಿನಲ್ಲಿ ಅದ್ದಿ ತಿಂದು, “ಸ್ವಲ್ಪ ಉಪ್ಪು ಬೇಕಾಗಿತ್ತವ್ವಾ” ಅಂದರು.