ಯುಗಾದಿ ಹಿತ್ತಲ ತೋಟ: ಬೀಜ ತರೂಕಿಂತ ಮೊದಲು ಬಚ್ಚಲ ನೀರು ಅಳೀರಿ



ಶಿವರಾತ್ರಿ ಮುಗೀತು ಅಂದ್ರೆ ನನ್ನ ವಾಟ್ಸಾಪಿಗೆ ತೋಟದ ವಿಡಿಯೋಗಳು ಬರಾಕ ಶುರುವಾಗತಾವ. ಒಂದು ಹಿಮಾಚಲದ್ದು, ಒಂದು ಉತ್ತರಾಖಂಡದ್ದು, ಇನ್ನೊಂದು ಯಾವುದೋ ಹೊರದೇಶದ್ದು. ವಸಂತ ಬಂತು, ಎತ್ತರದ ಮಡಿ ಕಟ್ಟಿ, ಪೂರ್ತಿ ಬಿಸಿಲು ಬೀಳುವ ಜಾಗ ನೋಡಿ, ಟೊಮ್ಯಾಟೊ ಸಸಿ ಹಚ್ಚಿ ಅಂತ ಹೇಳತಾರ. ಕಳಿಸಿದವರು ನಮ್ಮ ತಂಗಡಗಿ, ಮುದ್ದೇಬಿಹಾಳ ಕಡೆಯ ಹುಡುಗರೇ. ಕೆಳಗೆ ಒಂದು ಪ್ರಶ್ನೆ: "ಕಾಕಾ, ನಾವೂ ಹಿಂಗ ಮಾಡೂಣೇನ್ರಿ?"

ಆ ವಿಡಿಯೋದವರು ಸುಳ್ಳು ಹೇಳತಿಲ್ಲ. ಗುಡ್ಡಗಾಡಿನ ಊರುಗಳಲ್ಲಿ ಚಳಿಗಾಲ ಪೂರ್ತಿ ನೆಲ ತಣ್ಣಗೆ ಬಿದ್ದಿರತದ. ಹಿಮ ಕರಗಿದ ಮ್ಯಾಲೆ ಮಣ್ಣು ಹಸಿ ಇರತದ, ಬೆಚ್ಚಗಾಗೋದು ತಡ. ಅದಕ್ಕೇ ಅವರು ನೀರು ಬಸಿದು ಹೋಗಲಿ ಅಂತ ಮಡಿ ಎತ್ತರಿಸತಾರ, ಶಾಖ ಸಿಗಲಿ ಅಂತ ಬಿಸಿಲು ಹುಡುಕತಾರ. ಅಲ್ಲಿ ವಸಂತ ಅಂದ್ರೆ ಒಕ್ಕಲುತನದ ಆರಂಭ. ನಮ್ಮಲ್ಲಿ ಲೆಕ್ಕ ತಿರುಗುಮುರುಗು. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋದ ಮ್ಯಾಲೆ ಬಿಸಿಲು ಏರತಾ ಹೋಗತದ, ಏಪ್ರಿಲ್-ಮೇದಾಗ 40 ಡಿಗ್ರಿ ದಾಟತದ. ಬಿಳಿಜೋಳ, ಕಡಲಿ, ಕುಸುಬಿ ರಾಶಿ ಮುಗಿದು ಎರಿ ಹೊಲ ಬಿರುಕು ಬಿಟ್ಟು ಮಲಗಿರತಾವ. ಹಂಗಾಗಿ ಗುಡ್ಡದವರ ಮೂರೂ ಮಾತು ನಾವು ಉಲ್ಟಾ ಮಾಡಬೇಕು: ಮಡಿ ತಗ್ಗಿಸಬೇಕು, ನೆರಳು ಹುಡುಕಬೇಕು, ಟೊಮ್ಯಾಟೊ ಬಿಡಬೇಕು. ಅದಕ್ಕೂ ಮೊದಲಿನ ಕೆಲಸ ನೀರು ಅಳೆಯೋದು. ಈ ವಾರದ ಪಾಠ ಹೆಚ್ಚೂಕಡಿಮಿ ಅದರ ಮ್ಯಾಲೇ.

ಹೊಳಿ ಮಗ್ಗಲಾಗ ಇದ್ರೂ

ನಮ್ಮೂರು ಕೃಷ್ಣಾ ದಂಡಿಗೆ ಐತಿ. ನೀಲಮ್ಮನ ಗುಡಿಗೆ ಬಂದವರು ನಿಂತು ನೋಡೋದು ಇದೇ ಹೊಳಿ. ಆಚೆ ದಂಡಿ ಹುನಗುಂದ ತಾಲೂಕು, ಕೃಷ್ಣಾ-ಮಲಪ್ರಭಾ ಕೂಡೋ ಕೂಡಲಸಂಗಮ. ಮ್ಯಾಲೆ ಆಲಮಟ್ಟಿ, ಕೆಳಗ ನಾರಾಯಣಪುರ. ನಡುವಿನ ನಮ್ಮ ಹೊಳಿಯೊಳಗ ನಿಲ್ಲೋದು ನಾರಾಯಣಪುರದ ಬಸವಸಾಗರದ ಹಿನ್ನೀರು. ಹೊರಗಿನವರು ಇದನ್ನ ನೋಡಿ, ನಿಮಗೇನ್ರಿ ನೀರಿನ ಚಿಂತಿ ಅಂತಾರ. ಹೊಳ್ಯಾಗ ನೀರಿದ್ದ ಮಾತ್ರಕ್ಕ ಹಿತ್ತಲದಾಗ ನೀರು ಇರಂಗಿಲ್ಲ ಅನ್ನೋದು ಬ್ಯಾಸಗ್ಯಾಗ ನಳದ ಮುಂದ ಕೊಡ ಸಾಲು ಹಚ್ಚಿದ ಅಕ್ಕಂದಿರಿಗೆ ಗೊತ್ತು.

ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಅಂತ ಲೆಕ್ಕ ಇಟ್ಟಾರ. ಐದು ಮಂದಿ ಮನೆಗೆ 275 ಲೀಟರ್ ಆಯ್ತು. ಅದರಾಗ ಕುಡಿಯೋದು, ಅಡಿಗಿ, ಬಟ್ಟಿ, ಪಾಯಖಾನಿ ತೆಗೆದ್ರೆ ಜಳಕ ಮತ್ತು ಪಾತ್ರೆ ತೊಳೆದ ನೀರು ಅಂತ ಉಳಿಯೋದು ಸುಮಾರು 120 ಲೀಟರ್ ಅಂತ ಹಿಡೀರಿ. ನಿಮ್ಮ ಮನ್ಯಾಗ ಎಷ್ಟು ಅನ್ನೋದಕ್ಕ ಅಂದಾಜು ಬ್ಯಾಡ. ಬಚ್ಚಲ ಮೋರಿ ಬಾಯಿಗೆ ಎರಡು ದಿನ ಒಂದು ಟಾಕಿ ಇಟ್ಟು ಅಳೀರಿ, ಮೊಬೈಲಿನಾಗ ಬರೆದಿಡ್ರಿ.

ಈಗ ಇನ್ನೊಂದು ಲೆಕ್ಕ. ಒಂದು ಚದರ ಮೀಟರ್ ಜಾಗದ ಮ್ಯಾಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ನಮ್ಮ ಏಪ್ರಿಲ್-ಮೇ ಬಿಸಿಲಿಗೆ, ಒಣಗಾಳಿಗೆ, ತುಂಬಿ ಬೆಳೆದ ಕಾಯಿಪಲ್ಯೆ ಮಡಿ ದಿನಕ್ಕೆ 7 ಮಿಲಿಮೀಟರ್ ಆಸುಪಾಸು ನೀರು ಕುಡಿಯತದ. ಅಂದ್ರೆ ಚದರ ಮೀಟರಿಗೆ ದಿನಾ 7 ಲೀಟರ್. ನಿಮ್ಮ 120 ಲೀಟರನ್ನ 7ರಿಂದ ಭಾಗಿಸ್ರಿ: 17 ಚದರ ಮೀಟರ್. ಅಡಿ ಲೆಕ್ಕದಾಗ 180 ಚದರ ಅಡಿ. ಓಡಾಡೋ ದಾರಿ ಹಿಡಿದು 10 ಅಡಿ ಅಗಲ, 20 ಅಡಿ ಉದ್ದದ ಒಂದು ತುಂಡು ಜಾಗ. ನಿಮ್ಮ ಬ್ಯಾಸಗಿ ತೋಟ ಅಷ್ಟೇ.

ಒಬ್ಬ ಹುಡುಗ ಒಂದು ಗುಂಟೆ ಹಚ್ಚತೀನಿ ಅಂತ ಹಟ ಹಿಡಿದಿದ್ದ. ಒಂದು ಗುಂಟೆ ಅಂದ್ರೆ 1089 ಚದರ ಅಡಿ, ಸುಮಾರು 101 ಚದರ ಮೀಟರ್. ದಿನಾ 700 ಲೀಟರ್ ಬೇಕು. ಆ ನೀರು ಎಲ್ಲಿಂದ ತರತಿ, ಯಾರು ಹೊರತಾರ ಅಂತ ಕೇಳಿದೆ. ಸುಗ್ಗಿ ಮುಗಿದ ಮ್ಯಾಲೆ ಓಣಿಯ ಅರ್ಧ ಹುಡುಗರು ಗೋವಾ, ಪುಣೆ, ಬೆಂಗಳೂರು ಅಂತ ದುಡಿಯಾಕ ಹೋಗತೀರಿ. ತೋಟ ನೋಡಾಕ ಉಳಿಯೋರು ಅವ್ವ ಮತ್ತು ಆಯಿ. ನೀವು ಹಚ್ಚಿ ಹೋದ ತೋಟಕ್ಕ ಅವರು ದೂರದಿಂದ ಕೊಡ ಹೊರೋ ಹಂಗ ಆಗಬಾರದು. ನಳದ ಕುಡಿಯೋ ನೀರಿಗಂತೂ ಕೈ ಹಚ್ಚಬ್ಯಾಡ್ರಿ. ಮೂರು ದಿನಕ್ಕೊಮ್ಮೆ ನೀರು ಬಿಡೋ ಓಣಿಯೊಳಗ ಒಬ್ಬರ ಹಿತ್ತಲಕ್ಕ ಪೈಪು ಹಾಕಿದ್ರೆ ಇನ್ನೊಬ್ಬರ ಕೊಡ ಖಾಲಿ ಉಳಿಯತದ, ಆಮ್ಯಾಲೆ ಆಗೋ ಜಗಳ ಮಳಿ ಬಂದ್ರೂ ಮುಗಿಯಂಗಿಲ್ಲ.

ಯಾವ ನೀರು ಬಿಡಬೇಕು, ಯಾವುದು ಬ್ಯಾಡ

ಜಳಕದ ನೀರು, ಪಾತ್ರೆ ತೊಳೆದ ನೀರು, ಅಕ್ಕಿ-ಬ್ಯಾಳಿ ತೊಳೆದ ನೀರು ನಡೀತದ. ಬಟ್ಟಿ ಪುಡಿಯ ನೀರು ಬ್ಯಾಡ. ಅದರಾಗ ಸೋಡಿಯಂ ಜಾಸ್ತಿ. ನಮ್ಮ ಎರಿ ಮಣ್ಣು ಮೊದಲೇ ಕ್ಷಾರದ ಕಡೆ ವಾಲಿದ್ದು, ಸೋಡಿಯಂ ಸೇರಿದ್ರೆ ಮಣ್ಣಿನ ಕಣ ಒಡೆದು ಮ್ಯಾಲೆ ಹಪ್ಪಳದಂಗ ಗಟ್ಟಿಯಾಗತದ, ನೀರು ಒಳಗ ಇಳಿಯಂಗಿಲ್ಲ. ನೀರಾವರಿ ಹೊಲಗಳು ಸವಳು ಆಗಿದ್ದು ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಹೋಳಿ ಬಣ್ಣದ ದಿನದ ಜಳಕದ ನೀರನ್ನೂ ತೋಟಕ್ಕ ಬಿಡಬ್ಯಾಡ್ರಿ, ಇವತ್ತಿನ ಬಣ್ಣದಾಗ ಏನೇನು ಕಲಿಸಿರತಾರೋ ದೇವರಿಗೇ ಗೊತ್ತು. ಅವತ್ತು ಮೋರಿಗೆ ಹೋಗಲಿ.

ಮೋರಿ ಬಾಯಿಗೆ ಎರಡು ಅಡಿ ಗುಂಡಿ ತೆಗೆದು, ತಳಕ್ಕ ದಪ್ಪ ಕಲ್ಲು, ಅದರ ಮ್ಯಾಲೆ ಸಣ್ಣ ಹರಳು, ಮ್ಯಾಲೆ ಉಸುಕು ತುಂಬ್ರಿ. ಜಿಡ್ಡು, ಅನ್ನದ ಅಗಳು ಅಲ್ಲೇ ಉಳಿಯತಾವ. ತಿಂಗಳಿಗೊಮ್ಮೆ ಮ್ಯಾಲಿನ ಉಸುಕು ತೆಗೆದು ಬಿಸಿಲಿಗೆ ಹಾಕ್ರಿ. ಗುಂಡಿಯಿಂದ ಸಣ್ಣ ಕಾಲುವಿ ಮಾಡಿ ಮಡಿಗೆ ಬಿಟ್ರೆ ಹೊರೋ ಕೆಲಸವೇ ಇಲ್ಲ. ಈ ನೀರು ಒಂದು ದಿನಕ್ಕಿಂತ ಹೆಚ್ಚು ಕೂಡಿಡಬಾರದು. ನಾರತದ, ಸೊಳ್ಳಿ ಆಗತಾವ. ನೀರು ಬೇರಿಗೆ ಬೀಳಲಿ, ಎಲಿ ಮ್ಯಾಲೆ ಬ್ಯಾಡ. ಹಸಿಯಾಗಿ ತಿನ್ನೋ ಸೌತಿಕಾಯಿ ಇದ್ರೆ ಬಳ್ಳಿ ಮ್ಯಾಲಕ್ಕ ಹಬ್ಬಿಸ್ರಿ, ಕಾಯಿ ನೆಲಕ್ಕ ತಾಗಬಾರದು.

ಮಡಿ, ನೆರಳು, ರವದಿ

20 ಅಡಿ ಉದ್ದವನ್ನ ನಾಲ್ಕು ಮಡಿ ಮಾಡ್ರಿ. ಒಂದೊಂದು ನಾಲ್ಕು ಅಡಿ ಅಗಲ, ನಡುವೆ ಒಂದಡಿ ದಾರಿ. ಮಡಿಯ ಮಟ್ಟ ದಾರಿಗಿಂತ ನಾಲ್ಕು ಬಟ್ಟು ಕೆಳಗಿರಲಿ. ಹಾಕಿದ ನೀರು ಅಲ್ಲೇ ನಿಂತು ಇಳಿಯತದ. ಜೂನಿನಾಗ ಮಳಿ ಹಿಡಿದಾಗ ಇದೇ ಮಡಿ ಎತ್ತರಿಸಬೇಕು, ಇಲ್ಲಾಂದ್ರ ಎರಿ ಮಣ್ಣಾಗ ಬೇರು ಕೊಳೀತಾವ. ಪ್ರತಿ ಮಡಿಗೆ ಎರಡು ಬುಟ್ಟಿ ಪೂರ್ತಿ ಕಳಿತ ತಿಪ್ಪಿಗೊಬ್ಬರ ಹಾಕ್ರಿ. ಹಸಿ ಸೆಗಣಿ ಹಾಕಿದ್ರೆ ಗೆದ್ದಲು ಬರತದ.

ಇಲ್ಲಿ ಕಾಮಣ್ಣನ ಬೂದಿಯ ಬಗ್ಗೆ ಒಂದು ಮಾತು. ಹೋಳಿ ಹುಣ್ಣಿಮಿಗೆ ಕುಳ್ಳು, ಕಟ್ಟಿಗಿ ಸುಟ್ಟ ಮರುದಿನ ಬೂದಿ ಬೇಕಾದಷ್ಟು ಸಿಗತದ, ಎಲ್ಲಾರೂ ತಂದು ಮಡಿಗೆ ಸುರಿಯತಾರ. ಮಲೆನಾಡಿನ ಹುಳಿ ಮಣ್ಣಿಗೆ ಅದು ಒಳ್ಳೇದು. ನಮ್ಮ ಸುಣ್ಣದ ಅಂಶ ಇರೋ ಮಣ್ಣಿಗೆ ಬೂದಿ ಸುರಿದ್ರೆ ಕ್ಷಾರ ಇನ್ನೂ ಏರತದ, ಕಬ್ಬಿಣದ ಅಂಶ ಗಿಡಕ್ಕ ಸಿಗಂಗಿಲ್ಲ. ಎಳೀ ಎಲಿ ಹಳದಿ, ನರ ಮಾತ್ರ ಹಸರು ಕಾಣತಾವಲ್ಲ, ಅದೇ ಗುರುತು. ಹಂಗಾದ್ರೆ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಅದಕ್ಕ ಅರ್ಧ ನಿಂಬಿಹಣ್ಣಿನ ರಸ ಹಾಕಿ ಸಂಜಿ ಮುಂದ ಎಲಿಗೆ ಸಿಂಪಡಿಸ್ರಿ. ಬೂದಿಯನ್ನ ಹೇನು ಬಿದ್ದ ಎಲಿ ಮ್ಯಾಲೆ ತೆಳ್ಳಗೆ ಉದುರಿಸಾಕ, ಬೀಜ ಕಾಯಾಕ ಇಟ್ಟುಕೊಳ್ರಿ.

ಬಿತ್ತಿದ ಮ್ಯಾಲೆ ಸಸಿ ನಾಲ್ಕು ಎಲಿ ಆದಾಗ ಮಣ್ಣು ಕಾಣದಂಗ ಮುಚ್ಚಬೇಕು. ಕಬ್ಬಿನ ರವದಿ ಎಲ್ಲಕ್ಕಿಂತ ಚೊಲೋ. ಕಡಲಿ ಹೊಟ್ಟು, ಜೋಳದ ಕಣಿಕಿ ದನದ ಹೊಟ್ಟಿಗೆ ಹೋಗಲಿ. ಕಾಂಡದಿಂದ ಮೂರು ಬಟ್ಟು ದೂರ ಬಿಟ್ಟು ಹಾಸ್ರಿ, ಗೆದ್ದಲು ಕಾಂಡಕ್ಕ ಹತ್ತೂದು ಕಡಿಮಿ ಆಗತದ. ನೆರಳಿಗೆ ದುಡ್ಡು ಖರ್ಚು ಮಾಡೂದು ಬ್ಯಾಡ. ತೊಗರಿ ಕಟ್ಟಿಗಿ ನಾಲ್ಕು ಹುಗಿದು ಹಳೆ ಸೀರಿ ಕಟ್ಟಿದ್ರೆ ಸಾಕು. ಪಡುವಣ ಕಡೆ ಮರೀಬ್ಯಾಡ್ರಿ, ಮಧ್ಯಾಹ್ನ ಮೂರರ ಬಿಸಿಲೇ ಗಿಡ ಸುಡೋದು. ನೆರಳು, ರವದಿ ಎರಡೂ ಇದ್ದಲ್ಲಿ ಚದರ ಮೀಟರಿಗೆ 7 ಲೀಟರ್ ಇದ್ದದ್ದು 5ರ ಆಸುಪಾಸಿಗೆ ಇಳಿಯತದ. ಉಳಿದ ನೀರು ಕರಿಬೇವಿಗೆ, ನುಗ್ಗಿಗೆ.

ಏನು ಹಚ್ಚಬೇಕು

ಒಂದು ಮಡಿ ಚವಳಿಕಾಯಿ, ಒಂದು ಬೆಂಡಿ, ಒಂದು ಸೊಪ್ಪು, ಒಂದು ಹೀರಿ-ಸೌತಿ. ಸೊಪ್ಪಿನಾಗ ರಾಜಗಿರಿ, ಪುಂಡಿಪಲ್ಯೆ ಈ ಬಿಸಿಲಿಗೆ ಗಟ್ಟಿ. ರಾಜಗಿರಿ 25-30 ದಿನಕ್ಕ ಕೈಗೆ ಬರತದ. ಮೆಂತ್ಯೆ, ಪಾಲಕ್, ಕೊತ್ತಂಬರಿ ಬ್ಯಾಸಗ್ಯಾಗ ಹೂವಿಗೆ ಓಡತಾವ, ನೆರಳಿನ ಮೂಲ್ಯಾಗ ಒಂದು ಮುಷ್ಟಿ ಮಾತ್ರ ಹಾಕ್ರಿ. ಟೊಮ್ಯಾಟೊ ಹಗಲು 35 ಡಿಗ್ರಿ ದಾಟಿದ್ರೆ ಹೂ ಉದುರಸತದ, ಗಿಡ ಹಸರು ಇದ್ರೂ ಕಾಯಿ ಇಲ್ಲ. ಚವಳಿ, ಬೆಂಡಿ 45-50 ದಿನಕ್ಕ ಶುರು. ಒಂದೇ ದಿನ ಪೂರ್ತಿ ಮಡಿ ಬಿತ್ತಬ್ಯಾಡ್ರಿ. ಹೋಳಿಗೆ ಅರ್ಧ, ಯುಗಾದಿಗೆ ಅರ್ಧ ಬಿತ್ತಿದ್ರೆ ಕಾಯಿ ಒಮ್ಮೆಲೆ ಬಂದು ಒಮ್ಮೆಲೆ ಮುಗಿಯೋದು ತಪ್ಪತದ.

ಬೆಂಡಿ ಬೀಜ ರಾತ್ರಿ ನೆನೆಯಿಟ್ಟು, ಸಂಜಿ ಮುಂದ ಹಸಿ ಮಡಿಗೆ ಊರ್ರಿ. ಹಳದಿ ನರ ರೋಗ ಬೆಂಡಿಗೆ ದೊಡ್ಡ ಕಾಟ. ಬಿಳಿ ನೊಣ ಅದನ್ನ ಗಿಡದಿಂದ ಗಿಡಕ್ಕ ಒಯ್ಯತದ. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿ ಇದನ್ನ ಸಾಕಷ್ಟು ತಡಕೊಳ್ಳತದ. ರೋಗ ಬಂದ ಗಿಡ ಕಂಡ ದಿನವೇ ಕಿತ್ತು ಹುಗೀರಿ. ಉಳಿದವಕ್ಕ ಬೇವಿನ ಬೀಜದ ಕಷಾಯ: 50 ಗ್ರಾಂ ಪುಡಿ ಒಂದು ಲೀಟರ್ ನೀರಾಗ ರಾತ್ರಿ ನೆನೆಸಿ, ಸೋಸಿ, ಚೂರು ಸಾಬೂನು ಕರಗಿಸಿ ಸಂಜಿ ಹೊತ್ತು ಸಿಂಪಡಿಸೋದು. ಯುಗಾದಿ ಬೇವು-ಬೆಲ್ಲಕ್ಕ ಹೂ ಬಿಡಿಸತೀರಲ್ಲ, ಅದೇ ಗಿಡ ಮುಂದ ಮಳಿಗಾಲದ ಹೊತ್ತಿಗೆ ಹಣ್ಣು ಉದುರಸತದ. ಆಗ ಆರಿಸಿ ಒಣಗಿಸಿ ಇಟ್ರೆ ಮುಂದಿನ ವರ್ಷಕ್ಕ ಆಯ್ತು.

ಓಣಿ ಕೂಡಿ ಮಾಡೋ ಕೆಲಸ

ನಾಲ್ಕು ಮಡಿ ಚೆಂದ ಎದ್ದು ನಿಂತಾಗ ಒಂದೇ ರಾತ್ರಿಗೆ ಬೋಳಾಗೋದು ಆಡು, ದನದಿಂದ. ಸುಗ್ಗಿ ಮುಗಿದ ಮ್ಯಾಲೆ ಹೊಲದಾಗ ಬೆಳಿ ಇಲ್ಲ ಅಂತ ದನ ಬಿಟ್ಟು ಮೇಯಿಸೋದು ವಾಡಿಕಿ. ಹೊಲದಾಗ ಹಸರಿಲ್ಲ ಅಂದ್ರ ಅವು ಹಸರು ಇದ್ದಲ್ಲಿಗೇ ಬರತಾವ. ಜಾಲಿ ಮುಳ್ಳಿನ ಬೇಲಿ ಹಾಕೋದು ಒಂದು. ಇನ್ನೊಂದು, ಓಣಿಯವರು ಕೂತು ಮಾತಾಡೋದು. ಹೋಳಿಗೆ ಕುಳ್ಳು ಕೂಡಿಸಾಕ ಮನಿ ಮನಿ ತಿರುಗೋ ಹುಡುಗರಿಗೆ ಇದೇನು ಭಾರ ಅಲ್ಲ. ನಾಲ್ಕು ಹಿತ್ತಲ ಒಂದಕ್ಕೊಂದು ಹತ್ತಿದ್ರೆ ನಾಲ್ಕಕ್ಕೂ ಒಂದೇ ಬೇಲಿ ಸಾಕು, ಮುಳ್ಳೂ ಕಡಿಮಿ, ಕೂಲಿಯೂ ಕಡಿಮಿ. ಆಡು ಸಾಕಿದ ಮನಿಯವರನ್ನೂ ಆ ಮಾತಿಗೆ ಕರೀರಿ. ಅವರಿಗೆ ಮಡಿಯ ಕಳೆ, ಬಲಿತ ಸೊಪ್ಪು ಕೊಡತೀವಿ ಅಂದ್ರೆ ಅವರೂ ಕಟ್ಟಿ ಹಾಕತಾರ.

ಬೀಜದ ವಿಷಯಕ್ಕೂ ಓಣಿ ಬೇಕು. ನಮ್ಮ ಮಗ್ಗಲು ಮನಿ ದೊಡ್ಡವ್ವ ಚವಳಿ, ಪುಂಡಿ, ಹೀರಿ ಬೀಜ ಬೂದಿಯಾಗ ಕಲಿಸಿ ಅರಿವಿ ಗಂಟು ಕಟ್ಟಿ ಒಲಿ ಮ್ಯಾಲಿನ ಗೂಟಕ್ಕ ತೂಗು ಹಾಕತಾಳ. ಹೊಗಿ ತಾಗಿದ ಬೀಜಕ್ಕ ಹುಳ ಹತ್ತೂದು ಕಡಿಮಿ. ಆದ್ರೆ ಈಗ ಅರ್ಧ ಮನಿಗಳಾಗ ಗ್ಯಾಸ್ ಒಲಿ, ಗೂಟವೂ ಇಲ್ಲ, ಗಂಟೂ ಇಲ್ಲ. ಆಕಿ ನಂತರ ಆ ಹೀರಿ ತಳಿ ಯಾರ ಹತ್ರ ಇರತದ ಅಂತ ಕೇಳಿದ್ರೆ ಓಣ್ಯಾಗ ಯಾರಿಗೂ ಗೊತ್ತಿಲ್ಲ. ಈ ಯುಗಾದಿಗೆ ಬೇವು-ಬೆಲ್ಲ ಕೊಡಾಕ ಮನಿ ಮನಿಗೆ ಹೋದಾಗ, ಆಯಿ, ನಿನ್ನ ಗಂಟಿನಾಗ ಏನೈತಿ ಅಂತ ಕೇಳ್ರಿ. ಒಂದು ಚಿಟಿಕಿ ಇಸಕೊಳ್ರಿ, ಹೆಸರು ಬರಕೊಳ್ರಿ, ಫೋಟೋ ತಕ್ಕೊಳ್ರಿ. ಚವಳಿ, ಅಲಸಂದಿ ತಮ್ಮಷ್ಟಕ್ಕ ತಾವೇ ಪರಾಗ ಮಾಡಿಕೊಳ್ಳತಾವ, ಬೀಜ ಕಲಬೆರಕಿ ಆಗೋದು ಕಡಿಮಿ. ಹೀರಿ, ಸೌತಿ ಹಂಗಲ್ಲ, ಜೇನುಹುಳ ಓಣಿ ತುಂಬ ಅಡ್ಡಾಡತಾವ; ಹಳೆ ತಳಿ ಉಳಿಸಬೇಕು ಅಂದ್ರೆ ಒಂದು ಓಣ್ಯಾಗ ಒಂದೇ ತಳಿ ಹೀರಿ ಹಚ್ಚಬೇಕು. ಅಂಗಡಿಯ ಹೈಬ್ರಿಡ್ ಬೀಜದಿಂದ ಮತ್ತ ಬೀಜ ಹಿಡಿಯಾಕ ಹೋಗಬ್ಯಾಡ್ರಿ, ಮುಂದಿನ ಪೀಳಿಗಿ ಒಂದರಂಗ ಒಂದು ಬರಂಗಿಲ್ಲ.

ಮಣ್ಣು ಪರೀಕ್ಷೆ ಮಾಡಿಸದವರು ಬ್ಯಾಸಗ್ಯಾಗೇ ಮಾಡಿಸ್ರಿ. ರೈತ ಸಂಪರ್ಕ ಕೇಂದ್ರದಾಗ ವಿಚಾರಿಸ್ರಿ, ವಿಜಯಪುರದ ಹಿಟ್ನಳ್ಳಿಯಲ್ಲಿ, ಇಂಡಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಅದಾವ. ರೋಗದ ಎಲಿ ಕಂಡ್ರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕ ಫೋನ್ ಮಾಡಿ ಕನ್ನಡದಾಗೇ ಕೇಳಬಹುದು, ದುಡ್ಡು ಇಲ್ಲ.

ಚೈತ್ರ, ವೈಶಾಖ ಅಂದ್ರೆ ಜಾತ್ರಿ, ಮದುವಿ. ಮನಿ ಮಂದಿಯೆಲ್ಲ ಎರಡು ದಿನ ಊರಿಗೆ ಹೋದ್ರೆ ಅಷ್ಟೂ ದಿನ ಬಚ್ಚಲ ನೀರೂ ಇಲ್ಲ. ಹೋಗೋ ಹಿಂದಿನ ಸಂಜಿ ಮಡಿಗೆ ಎರಡರಷ್ಟು ನೀರು ಹಾಕಿ, ರವದಿ ಸರಿ ಮಾಡಿ, ಸೀರಿ ಬಿಗೀರಿ. ತಿಂಗಳು ದಾಟಿದ ಗಿಡ ಎರಿ ಮಣ್ಣಾಗ ಎರಡು ದಿನ ತಡೀತಾವ. ಸಣ್ಣ ಸಸಿ ತಡಿಯಂಗಿಲ್ಲ, ಅವಕ್ಕ ಮಗ್ಗಲು ಮನಿಯವರ ಬಚ್ಚಲ ನೀರು ಬೇಕು. ಅವರು ಜಾತ್ರಿಗೆ ಹೋದಾಗ ನೀವು ಹಾಕ್ರಿ.