ಅನುಮತಿ ಕೇಳುವ ಶಿಷ್ಟಾಚಾರ ಮತ್ತು ಅಂತರ್ಜಾಲದ ಬಾಗಿಲು

ಪರರ ಮನೆಗೆ ಹೋದಾಗ ಅನುಮತಿ ಪಡೆದು, ಮನೆಯವರಿಗೆ ಸಲಾಮ್ ಹೇಳಿದ ನಂತರವೇ ಒಳಗೆ ಕಾಲಿಡಬೇಕೆಂದು ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯವು ಸತ್ಯವಿಶ್ವಾಸಿಗಳಿಗೆ ಆದೇಶಿಸುತ್ತದೆ. ಇದನ್ನು ನಮ್ಮ ಮಕ್ತಬ್‌ಗಳಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಆದರೆ ಅದರ ಮುಂದಿನ ವಚನವನ್ನು ಅಷ್ಟು ಒತ್ತಿ ಕಲಿಸುವುದಿಲ್ಲ. ಮನೆಯವರು ಹಿಂದಿರುಗಲು ಹೇಳಿದರೆ ಹಿಂದಿರುಗಬೇಕು, ಅದೇ ಹೆಚ್ಚು ಪರಿಶುದ್ಧವಾದ ನಡತೆ ಎಂಬುದು ಅದರ ತಾತ್ಪರ್ಯ. ಹಝ್ರತ್ ಅಬೂ ಮೂಸಾ ಅಲ್ ಅಶ್‌ಅರಿ(ರ)ಯವರು ಖಲೀಫ ಉಮರ್(ರ)ರ ಬಾಗಿಲಲ್ಲಿ ಮೂರು ಬಾರಿ ಅನುಮತಿ ಕೇಳಿ, ಉತ್ತರ ಬಾರದಿದ್ದಾಗ ಹಿಂದಿರುಗಿಬಿಟ್ಟರು. ಕಾರಣ ಕೇಳಿದಾಗ ಪ್ರವಾದಿವರ್ಯರ(ಸ) ಬೋಧನೆಯನ್ನೇ ಮುಂದಿಟ್ಟರು. ಬೇಡವೆನ್ನುವ ಅವಕಾಶ ಮನೆಯವರಿಗಿಲ್ಲದಿದ್ದರೆ ಕೇಳುವುದಕ್ಕಾದರೂ ಏನರ್ಥ?

ಈ ವಿಷಯವನ್ನು ನಾನು ಮತ್ತೆ ಓದಿ ನೋಡುವಂತೆ ಮಾಡಿದ್ದು ನವಲಗುಂದದ ಕಡೆಯ ಒಂದು ಮನೆಯ ಘಟನೆ. ಆ ಸಹೋದರಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಹೇಳುತ್ತೇನೆ. ಮನೆಗೆಲ್ಲ ಇರುವುದು ಒಂದೇ ಮೊಬೈಲ್. ಹೆಣ್ಣುಮಕ್ಕಳು ಗಂಡನಿಗೂ ತಕ್ಷಣ ಹೇಳಲು ಹಿಂಜರಿಯುವ ಒಂದು ಕಾಯಿಲೆಯ ಲಕ್ಷಣ ಅವರಿಗೆ ಕಾಣಿಸಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅದರ ಬಗ್ಗೆ ಮೊಬೈಲಿನಲ್ಲಿ ಹುಡುಕಿ ಓದಿದರು. ಮರುದಿನ ಮಗ ಕ್ರಿಕೆಟ್ ಸ್ಕೋರ್ ನೋಡುತ್ತಿದ್ದಾಗ ಅದೇ ಕಾಯಿಲೆಯ ಜಾಹೀರಾತುಗಳು, ಅದೇ ಚಿಕಿತ್ಸೆಯ ಆಸ್ಪತ್ರೆಗಳು ಸಾಲುಗಟ್ಟಿ ಬಂದವು. ಹುಡುಗ ನಗುತ್ತಾ ಎಲ್ಲರಿಗೂ ತೋರಿಸಿದ. "ನಾ ಯಾರ ಮುಂದೂ ಹೇಳಿದ್ದಿಲ್ರೀ, ಮೊಬೈಲಿಗೆ ಹ್ಯಾಂಗ ಗೊತ್ತಾತು?" ಎಂದು ಅವರು ನನ್ನ ಮನೆಯವರ ಬಳಿ ಅತ್ತರಂತೆ. ಅಂದಿನಿಂದ ಮೊಬೈಲನ್ನು ಮುಟ್ಟಲಿಲ್ಲ. ವೈದ್ಯರ ಬಳಿ ಹೋಗುವುದೂ ಎರಡು ತಿಂಗಳು ತಡವಾಯಿತು. ಈಗ ಹುಬ್ಬಳ್ಳಿಯಲ್ಲಿ ಚಿಕಿತ್ಸೆ ಪಡೆದು ಗುಣಮುಖರಾಗಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಆದರೆ ಆ ಎರಡು ತಿಂಗಳ ಹೊಣೆ ಯಾರದು?

ಅವರ ಪ್ರಶ್ನೆಗೆ ಉತ್ತರ ಕಷ್ಟದ್ದಲ್ಲ. ಹೆಚ್ಚಿನ ಸರ್ಚ್ ಇಂಜಿನ್‌ಗಳೂ ಅಂತರ್ಜಾಲ ತಾಣಗಳೂ ನಮ್ಮಿಂದ ಹಣ ಕೇಳುವುದಿಲ್ಲ. ಅವುಗಳ ಆದಾಯ ಜಾಹೀರಾತಿನಿಂದ ಬರುತ್ತದೆ. ಯಾರು ಏನನ್ನು ಹುಡುಕಿದರು, ಯಾವ ಪುಟದಲ್ಲಿ ಎಷ್ಟು ಹೊತ್ತು ನಿಂತರು ಎಂದು ತಿಳಿದಷ್ಟೂ ಜಾಹೀರಾತಿನ ಬೆಲೆ ಏರುತ್ತದೆ. ಅದಕ್ಕಾಗಿ ಪ್ರತಿ ಮೊಬೈಲಿಗೂ ಒಂದು ಗುರುತು ಹಚ್ಚಲಾಗುತ್ತದೆ. 'ಕುಕ್ಕಿ' ಎಂಬ ಸಣ್ಣ ಕಡತ ಅಂಥದ್ದೊಂದು ಗುರುತು. ನಾವು ತೆರೆದ ತಾಣದವರು ಮಾತ್ರವಲ್ಲ, ಆ ತಾಣದೊಳಗೆ ಜಾಹೀರಾತು ಇಟ್ಟ ಬೇರೆ ಕಂಪೆನಿಗಳೂ ಅದನ್ನು ಓದುತ್ತವೆ. ಅನೇಕ ತಾಣಗಳು ತೆರೆದ ಕೂಡಲೇ ಒಪ್ಪಿಗೆ ಕೇಳುತ್ತವೆಯಲ್ಲ ಎನ್ನಬಹುದು. 'ಎಲ್ಲವನ್ನೂ ಒಪ್ಪುತ್ತೇನೆ' ಎಂಬ ಗುಂಡಿ ದೊಡ್ಡದಾಗಿ ಎದುರಿಗಿರುತ್ತದೆ, ಬೇಡವೆನ್ನಬೇಕಾದರೆ ನಾಲ್ಕು ಪುಟ ದಾಟಬೇಕು. ಕೆಲವು ತಾಣಗಳು ಒಪ್ಪದಿದ್ದರೆ ಒಳಗೇ ಬಿಡುವುದಿಲ್ಲ. ಇದು ಅನುಮತಿ ಕೇಳುವುದಲ್ಲ, ಹೌದೆನ್ನುವವರೆಗೂ ಬಾಗಿಲು ಬಡಿಯುವುದು. ಫ್ರಾನ್ಸಿನ ಮಾಹಿತಿ ರಕ್ಷಣಾ ಸಂಸ್ಥೆಯು 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೋ ಹಾಗೂ ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಘೋಷಿಸಿದ್ದು ಇದೇ ಕಾರಣಕ್ಕೆ: ಒಪ್ಪುವುದು ಸುಲಭ, ನಿರಾಕರಿಸುವುದು ಕಷ್ಟ.

"ತಪ್ಪು ಮಾಡದವನಿಗೆ ಮುಚ್ಚಿಡುವಂಥದ್ದೇನಿದೆ?" ಎಂದು ನಮ್ಮವರೇ ಕೇಳುತ್ತಾರೆ. ಪ್ರವಾದಿವರ್ಯರ(ಸ) ಮನೆಯ ಬಾಗಿಲಿನ ರಂಧ್ರದಿಂದ ಒಬ್ಬ ವ್ಯಕ್ತಿ ಇಣುಕಿದಾಗ ಅವರು ಬಾಚಣಿಗೆಯಂತಹ ಒಂದು ಸಾಧನದಿಂದ ತಲೆ ಕೆರೆದುಕೊಳ್ಳುತ್ತಿದ್ದರಷ್ಟೆ. ಅದರಲ್ಲಿ ಮುಚ್ಚಿಡುವಂಥದ್ದು ಏನಿತ್ತು? ಆದರೂ ಅವರು ಕಠಿಣವಾಗಿ ಎಚ್ಚರಿಸಿದರು, ಅನುಮತಿಯ ನಿಯಮವಿರುವುದೇ ಕಣ್ಣಿನ ಕಾರಣದಿಂದ ಎಂದು ತಿಳಿಸಿದರು. ನವಲಗುಂದದ ಜಮಖಾನೆಯನ್ನು ನೇಯುವವರು ನಮ್ಮದೇ ಸಮುದಾಯದ ಹೆಣ್ಣುಮಕ್ಕಳು. ನೇಯ್ಗೆಯ ಗುಟ್ಟು ಹೊರಗೆ ಹೋಗಬಾರದೆಂದು ಹಿಂದೆ ಮನೆತನಗಳು ಅದನ್ನು ಎಷ್ಟು ಜೋಪಾನ ಮಾಡುತ್ತಿದ್ದವೆಂದು ಹಿರಿಯರು ಹೇಳುತ್ತಾರೆ. ಅವರೇನು ಕಳ್ಳತನ ಮಾಡುತ್ತಿದ್ದರೇ?

ಧಾರ್ಮಿಕ ಉದ್ದೇಶದ ಆ್ಯಪ್‌ಗಳೂ ಇದಕ್ಕೆ ಹೊರತಲ್ಲ. ನಮಾಝ್ ವೇಳೆ ಮತ್ತು ಕಿಬ್ಲಾ ತೋರಿಸುವ 'ಮುಸ್ಲಿಮ್ ಪ್ರೊ' ಆ್ಯಪ್‌ನಿಂದ ಬಳಕೆದಾರರು ಇರುವ ಸ್ಥಳದ ಮಾಹಿತಿಯು 'ಎಕ್ಸ್-ಮೋಡ್' ಎಂಬ ಅಮೆರಿಕದ ಕಂಪೆನಿಗೆ ಹೋಗುತ್ತಿತ್ತು, ಆ ಕಂಪೆನಿಯ ಗ್ರಾಹಕರಲ್ಲಿ ಅಮೆರಿಕದ ಸೇನೆಯ ಗುತ್ತಿಗೆದಾರರೂ ಇದ್ದರು ಎಂದು 2020ರ ನವೆಂಬರ್‌ನಲ್ಲಿ ವರದಿಯಾಯಿತು. ಕೂಡಲೇ ಆ ಸಂಬಂಧವನ್ನು ಕಡಿದುಕೊಂಡಿರುವುದಾಗಿ ಆ್ಯಪ್‌ನವರು ಪ್ರಕಟಿಸಿದರು. ಸೂಕ್ಷ್ಮ ಸ್ಥಳಗಳ ಮಾಹಿತಿ ಮಾರದಂತೆ ಎಕ್ಸ್-ಮೋಡ್‌ನ ಮೇಲೆ ಅಲ್ಲಿನ ವಾಣಿಜ್ಯ ಆಯೋಗ ನಿರ್ಬಂಧ ಹೇರಿದ್ದು 2024ರಲ್ಲಿ. ಐದು ಹೊತ್ತಿನ ವೇಳೆ ತಿಳಿಯಲು ಊರಿನ ಹೆಸರನ್ನು ನಾವೇ ಬರೆದರೆ ಸಾಲದೇ? ನಮ್ಮ ಮಸೀದಿಯ ಗೋಡೆಯ ಮೇಲಿರುವ ವೇಳಾಪಟ್ಟಿ ಯಾರ ಜಾಡನ್ನೂ ಹಿಡಿಯುವುದಿಲ್ಲ.

ನಮ್ಮ ದೇಶದಲ್ಲಿ ಈ ಹಕ್ಕನ್ನು ಕಾನೂನಿನ ಮುಂದೆ ತಂದವರು ಒಬ್ಬ ಕನ್ನಡಿಗರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕಲ್ಲವೆಂದು ಸರಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಅದು ಮೂಲಭೂತ ಹಕ್ಕೇ ಎಂದು ಒಮ್ಮತದಿಂದ ತೀರ್ಪಿತ್ತಿತು. ಪುಟ್ಟಸ್ವಾಮಿಯವರು 2024ರಲ್ಲಿ ನಿಧನರಾದರು. 2023ರ ಮಾಹಿತಿ ರಕ್ಷಣಾ ಕಾಯಿದೆಯ ಪ್ರಕಾರ ಒಪ್ಪಿಗೆ ಮುಕ್ತವಾಗಿರಬೇಕು, ಅದನ್ನು ಹಿಂಪಡೆಯುವುದು ಕೊಟ್ಟಷ್ಟೇ ಸುಲಭವಾಗಿರಬೇಕು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಆದರೆ ಒಪ್ಪಿಗೆಯ ವಿಧಿಗಳನ್ನು ಪಾಲಿಸಲು ಕಂಪೆನಿಗಳಿಗೆ 18 ತಿಂಗಳ ಅವಕಾಶ ಕೊಡಲಾಗಿದೆ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಮೊಬೈಲ್ ಕೊಂಡಾಗ ಇದ್ದ ಸರ್ಚ್ ಇಂಜಿನನ್ನೇ ಬಳಸಬೇಕೆಂಬ ನಿಯಮವಿಲ್ಲ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ 'ಸರ್ಚ್ ಇಂಜಿನ್' ಎಂಬಲ್ಲಿ ಬೇರೊಂದನ್ನು ಆರಿಸಬಹುದು. 2008ರಲ್ಲಿ ಆರಂಭವಾದ 'ಡಕ್‌ಡಕ್‌ಗೋ' ಯಾರು ಏನು ಹುಡುಕಿದರೆಂಬ ದಾಖಲೆ ಇಡುವುದಿಲ್ಲವೆಂದು ಹೇಳುತ್ತದೆ. ಅಲ್ಲಿಯೂ ಜಾಹೀರಾತಿದೆ, ಆದರೆ ಅದು ಆಗ ಬರೆದ ಪದಕ್ಕೆ ಸಂಬಂಧಿಸಿದ್ದು. ಅಕ್ಕಿ ಹುಡುಕಿದರೆ ಅಕ್ಕಿಯ ಜಾಹೀರಾತು ಅಲ್ಲೇ ಬಂದು ಅಲ್ಲೇ ಮುಗಿಯುತ್ತದೆ. ಆದರೂ ಕುರುಡು ನಂಬಿಕೆ ಬೇಡ. ಇದೇ ಕಂಪೆನಿಯ ಬ್ರೌಸರ್ ಮೈಕ್ರೋಸಾಫ್ಟ್‌ನ ಕೆಲವು ಜಾಡುಗಾರ ಸಾಧನಗಳನ್ನು ತಡೆಯುತ್ತಿರಲಿಲ್ಲವೆಂದು 2022ರಲ್ಲಿ ಬಯಲಾಗಿ, ಟೀಕೆಯ ನಂತರ ಸರಿಪಡಿಸಿತು. ನೆದರ್ಲೆಂಡಿನ 'ಸ್ಟಾರ್ಟ್‌ಪೇಜ್' ನಮ್ಮ ಗುರುತನ್ನು ಕೊಡದೆ ಗೂಗಲ್‌ನಂತಹ ಸರ್ಚ್ ಇಂಜಿನ್‌ಗಳ ಫಲಿತಾಂಶವನ್ನು ತಂದುಕೊಡುತ್ತದೆ. ಇನ್ನು ಯುವಕರು ನೆಚ್ಚಿಕೊಂಡಿರುವ 'ಇನ್‌ಕಾಗ್ನಿಟೋ' ಕಿಟಕಿಯು ಹುಡುಕಿದ್ದನ್ನು ಮೊಬೈಲಿನೊಳಗೆ ಉಳಿಸುವುದಿಲ್ಲ, ಅಷ್ಟೆ. ತಾಣದವರಿಗೂ ನೆಟ್ ಕಂಪೆನಿಯವರಿಗೂ ನಾವು ಕಾಣುತ್ತಲೇ ಇರುತ್ತೇವೆ. (ಹರಾಮ್ ನೋಡಲೆಂದೇ ಆ ಕಿಟಕಿ ತೆರೆಯುವವರಿಗೆ ನಾನು ಬೇರೆ ಹೇಳಬೇಕಾಗಿಲ್ಲ. ಅಲ್ಲಾಹನ ಮುಂದೆ ಯಾವ ಕಿಟಕಿಗೂ ಪರದೆಯಿಲ್ಲ.)

ಮನೆಯೊಳಗಿನ ಮಾತೂ ಇದೆ. ಫಜ್ರ್‌ಗೆ ಮುಂಚೆ, ಮಧ್ಯಾಹ್ನದ ವಿಶ್ರಾಂತಿಯ ಹೊತ್ತು, ಇಶಾದ ನಂತರ, ಈ ಮೂರು ವೇಳೆಗಳಲ್ಲಿ ಮನೆಯ ಮಕ್ಕಳೂ ಅನುಮತಿ ಕೇಳಿಯೇ ಒಳಬರಬೇಕೆಂದು ಅದೇ ಅನ್ನೂರ್ ಅಧ್ಯಾಯ ಕಲಿಸುತ್ತದೆ. ತಾಯಿಯ ಕಾಯಿಲೆಯನ್ನು ನಗುತ್ತಾ ಎಲ್ಲರಿಗೂ ತೋರಿಸಿದ ಆ ಹುಡುಗನಿಗೆ ಕಂಪೆನಿಯ ತಪ್ಪಿನ ಜೊತೆ ಇದನ್ನೂ ಹೇಳಿಕೊಡಬೇಕಾಯಿತು. ಅವನು ನನ್ನ ವಿದ್ಯಾರ್ಥಿ. ತಲೆತಗ್ಗಿಸಿ ಕುಳಿತಿದ್ದ, ಮರುದಿನ ತಾನೇ ತಾಯಿಯ ಎದುರು ಕುಳಿತು ಮೊಬೈಲಿನ ಸರ್ಚ್ ಇಂಜಿನ್ ಬದಲಿಸಿ, ಹಳೆಯ ಕುಕ್ಕಿಗಳನ್ನೆಲ್ಲ ಅಳಿಸಿಕೊಟ್ಟನಂತೆ. ಈಗ ಆ ಸಹೋದರಿ ಮತ್ತೆ ಹುಡುಕಿ ಓದುತ್ತಾರೆ. ಕನ್ನಡದಲ್ಲಿ ಕೇಳಿದರೆ ಮೊದಲಿನಷ್ಟು ಉತ್ತರ ಸಿಗುವುದಿಲ್ಲ ಎಂಬ ದೂರು ಅವರದ್ದಿದೆ. ಅದು ನಿಜವೂ ಹೌದು.