ಮಾತು ಕಮ್ಮಿ, ಮುಂದೇನು?

ಪ್ರಶ್ನೆ: ಹತ್ತನೆಯ ತನಕ ಕನ್ನಡ ಶಾಲೆಯಲ್ಲಿ ಓದಿ, ಈಗ ಜತ್ತದಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಗೆಳತಿಯರು ಪೊಲೀಸ್ ಭರ್ತಿ, ಎಂಪಿಎಸ್‌ಸಿ ಅಂತ ಓಡಾಡುತ್ತಾರೆ. ನನಗೆ ಯಾರನ್ನು ಏನು ಕೇಳಲೂ ಸಂಕೋಚ. ಇಂಥ ಸ್ವಭಾವದವಳಿಗೆ ಯಾವ ಕೆಲಸ ಹೊಂದುತ್ತದೆ, ಮೇಡಂ?
ಹೆಸರು ಬೇಡ, ವಳಸಂಗ

ಉತ್ತರ: ಮೊದಲು ನನ್ನದೊಂದು ಅನುಮಾನ. ಮನೆಯಲ್ಲಿ, ಕನ್ನಡದಲ್ಲೂ ನೀವು ಇಷ್ಟೇ ಮೌನವೇ? ಅವ್ವನ ಜೊತೆ, ಹೊಲದ ಆಳುಗಳ ಜೊತೆ ಸಲೀಸಾಗಿ ಮಾತಾಡುವವರು ಮರಾಠಿ ತರಗತಿಯಲ್ಲಿ ಬಾಯಿ ಬಿಡದಿದ್ದರೆ ಅದನ್ನು ಸ್ವಭಾವ ಎನ್ನಲು ನಾನು ಒಪ್ಪುವುದಿಲ್ಲ. ತಪ್ಪಾಡಿದರೆ ನಕ್ಕಾರು ಎಂಬ ಅಳುಕು ಅದು, ರೂಢಿಯಿಂದ ಕಳೆಯುತ್ತದೆ. ನೀವು ಒಂಟಿಯಲ್ಲ.

ನಿಜಕ್ಕೂ ಮಿತಭಾಷಿಯೇ ಆಗಿದ್ದರೆ? ಸ್ವಭಾವದ ಪ್ರಭಾವ ಕೆಲಸಕ್ಕಿಂತ ಮೊದಲು ಕಾಣುವುದು ಕೆಲಸ ಹುಡುಕುವ ರೀತಿಯಲ್ಲಿ. ಸಂಶೋಧಕ ಸ್ಟಂಫ್ ಮತ್ತು ಸಂಗಡಿಗರು 1983ರಲ್ಲಿ ರೂಪಿಸಿದ ಪ್ರಶ್ನಾವಳಿ ಈ ಹುಡುಕಾಟದಲ್ಲಿ ಎರಡನ್ನು ಬೇರೆಬೇರೆಯಾಗಿ ಅಳೆಯುತ್ತದೆ: ನನಗೇನು ಹಿಡಿಸುತ್ತದೆ ಎಂಬ ಯೋಚನೆ, ಹೊರಗೆ ಏನೇನಿದೆ ಎಂಬ ವಿಚಾರಣೆ. ಸಂಕೋಚದವರು ಮೊದಲನೆಯದರಲ್ಲೇ ಮುಳುಗಿ, ಒಂದನ್ನೂ ಹೋಗಿ ನೋಡದೆ ಹತ್ತು ಕೆಲಸಗಳನ್ನು ಕೂತಲ್ಲೇ ತಳ್ಳಿಹಾಕುತ್ತಾರೆ. ನೀವು ಗುಂಪಿನಲ್ಲಿ ಕೈ ಎತ್ತಬೇಕಿಲ್ಲ. ಪ್ರಶ್ನೆ ಬರೆದುಕೊಂಡು ಒಬ್ಬೊಬ್ಬರ ಹತ್ತಿರ ಹೋಗಿ: ರಕ್ತ ಪರೀಕ್ಷೆಯ ಲ್ಯಾಬಿನವರು, ದ್ರಾಕ್ಷಿ ತೋಟಕ್ಕೆ ಮಣ್ಣು ಪರೀಕ್ಷಿಸಿ ಕೊಡುವವರು, ಬ್ಯಾಂಕಿನವರು. ದಿನಕ್ಕೆ ಎಷ್ಟು ಜನರ ಜೊತೆ ಮಾತಾಡಬೇಕು, ಯಾವುದು ಬೇಸರ ತರಿಸುತ್ತದೆ, ಕೈಗೆ ಎಷ್ಟು ಬರುತ್ತದೆ ಎಂದು ಕೇಳಿ. ಗೆಳತಿಯರ ದಾರಿಯನ್ನೂ ಪೂರ್ತಿ ಬಿಡಬೇಡಿ. ಪೊಲೀಸ್ ಠಾಣೆಯಲ್ಲೂ ಮಾತಿಗಿಂತ ಬರವಣಿಗೆ ಹೆಚ್ಚಿರುವ ಕೆಲಸಗಳಿವೆ.

ಪ್ರಶ್ನೆ: ಹನ್ನೆರಡನೇ ತರಗತಿಯ ಮಗ ತಿಂಗಳಿಗೊಂದು ಹೇಳುತ್ತಾನೆ: ಮಿಲಿಟರಿ, ಇಂಜಿನಿಯರಿಂಗ್, ಯೂಟ್ಯೂಬ್. ಸಿಟ್ಟು ಬರುತ್ತದೆ.
ಒಬ್ಬ ತಂದೆ, ಉಮದಿ

ಉತ್ತರ: ಸಿಟ್ಟು ಬೇಡ ಯಜಮಾನರೇ, ಹೊಸದಕ್ಕೆ ಮನಸ್ಸು ತೆರೆದವರು ಹುಡುಕುವುದೇ ಹೀಗೆ. ಇಂಥವರು ಎಡವುವುದು ಅರ್ಜಿಯ ಕೊನೆಯ ದಿನಾಂಕದಲ್ಲಿ. ಅಲ್ಲಿ ನಿಮ್ಮ ಅಚ್ಚುಕಟ್ಟು ಬೇಕು. ಇಂಜಿನಿಯರಿಂಗ್ ಆದರೆ, ಕರ್ನಾಟಕದ ಸಿಇಟಿ ನಿಯಮಗಳಲ್ಲಿ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕುಗಳ ಗಡಿನಾಡು ಕನ್ನಡಿಗರಿಗೆ ಅವಕಾಶವಿದೆ. ಈ ವರ್ಷದ ಷರತ್ತುಗಳನ್ನು ಓದಿ, ವ್ಯಾಸಂಗ ಪ್ರಮಾಣಪತ್ರಕ್ಕೆ ಈಗಲೇ ಶಾಲೆಯಲ್ಲಿ ಅರ್ಜಿ ಕೊಡಿ. ಮಹಾರಾಷ್ಟ್ರದ ಸಿಇಟಿಯನ್ನೂ ಬರೆಯಲಿ. ಯೂಟ್ಯೂಬ್ ಭಾನುವಾರಕ್ಕಿರಲಿ.